ಮುಯ್ಯಾಳಿನ ಕೈತೋಟ: ಲೆಕ್ಕ ಹೇಗೆ, ಯಾರ ಮನೆ ಮೊದಲು?

ಪ್ರಶ್ನೆ: ಊರಿನ ಮುಯ್ಯಾಳಿನಂತೆ (ಕೂಲಿಯಿಲ್ಲದೆ ಆಳಿಗೆ ಪ್ರತಿ ಆಳು) ನಮ್ಮ ಬೀದಿಯ ಎಂಟು ಮನೆಯವರು ಭಾನುವಾರಗಳಂದು ಸರದಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಮಳೆನೀರಿನ ಇಂಗುಗುಂಡಿ, ತರಕಾರಿ ಮಡಿ ಮಾಡಿಕೊಡಬೇಕೆಂದಿದ್ದೇವೆ. ನಮ್ಮವೆಲ್ಲ 30x40 ಸೈಟುಗಳು. ಸಂಘ ನೋಂದಾಯಿಸಬೇಕೆ? ಲೆಕ್ಕ ಹೇಗಿಡಬೇಕು?
– ಓದುಗರು, ಜೆ.ಪಿ. ನಗರ

ಉತ್ತರ: ದುಡ್ಡು ಒಟ್ಟುಹಾಕದಿದ್ದರೆ ನೋಂದಣಿ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ನೋಂದಾಯಿಸಬಹುದು, ನಿಜ. ಆದರೆ ವರ್ಷವರ್ಷ ಲೆಕ್ಕಪತ್ರ ಸಲ್ಲಿಸುವ ತಲೆನೋವು ಎಂಟು ಮನೆಯ ಗುದ್ದಲಿ ಕೆಲಸಕ್ಕೆ ಯಾಕೆ? ಜಲ್ಲಿ, ಪೈಪು, ರಿಂಗು ಆಯಾ ಮನೆಯವರ ಖರ್ಚು. ಉಳಿದದ್ದಕ್ಕೆ ಒಂದು ನೋಟ್‌ಬುಕ್ ಸಾಕು.

ಅದರಲ್ಲಿ ಬರೆಯಬೇಕಾದದ್ದು ಗಂಟೆ. ‘ನಮ್ಮನೆಯಿಂದ ಇಬ್ಬರು ಬಂದಿದ್ದೆವು’ ಎಂಬ ಲೆಕ್ಕ ಮೂರನೇ ಭಾನುವಾರಕ್ಕೇ ಜಗಳ ತರುತ್ತದೆ. ಒಬ್ಬರು ಏಳಕ್ಕೆ ಬಂದಿರುತ್ತಾರೆ, ಇನ್ನೊಬ್ಬರು ಹತ್ತಕ್ಕೆ. ಪೈಪ್ ಜೋಡಿಸುವವರ ಗಂಟೆಗೂ ಮಣ್ಣು ಹೊರುವವರ ಗಂಟೆಗೂ ಒಂದೇ ಬೆಲೆ ಇಡಿ. ಕೆಲಸ ಮಾಡಿಸಿಕೊಳ್ಳುವ ಮೊದಲು ಪ್ರತಿ ಮನೆಯೂ ಬೇರೆಯವರಲ್ಲಿ ಕನಿಷ್ಠ 8 ಗಂಟೆ ದುಡಿದಿರಬೇಕು (ಮೊದಲ ಮನೆಗೆ ಮಾತ್ರ ವಿನಾಯಿತಿ). ಬಾಕಿ 30 ಗಂಟೆ ದಾಟಿದರೆ ತೀರಿಸುವವರೆಗೆ ಆ ಮನೆಗೆ ಹೊಸ ಕೆಲಸವಿಲ್ಲ. ಬಾಡಿಗೆಗಿರುವವರು ಮನೆ ಬದಲಿಸುವುದಾದರೆ ಎರಡು ತಿಂಗಳು ಮೊದಲೇ ತಿಳಿಸಲಿ. ಇಷ್ಟು ಮಾಡದಿದ್ದರೆ ಮೊದಲ ಮನೆಗೆ ಹನ್ನೆರಡು ಜನ, ಕೊನೆಯ ಮನೆಗೆ ಮೂವರು.

ತಿಂಡಿಗೂ ಮಿತಿ ಹಾಕಿ: ಉಪ್ಪಿಟ್ಟು, ಮಜ್ಜಿಗೆ, ಕಾಫಿ. ಒಬ್ಬರು ಹೋಳಿಗೆ ಬಡಿಸಿದರೆ ಮುಂದಿನವರು ಸರದಿಯನ್ನೇ ಮುಂದೂಡುತ್ತಾರೆ.

ಇನ್ನು ಗುಂಡಿ. ಸ್ವಯಂಸೇವಕರ ಕೈಲಾಗುವ ಇಂಗುಗುಂಡಿ ಎಂದರೆ 4 ಅಡಿ ಅಗಲ, 4 ಅಡಿ ಆಳದ ದುಂಡನೆಯದು. ತೂತುಗಳಿರುವ 3 ಅಡಿ ವ್ಯಾಸದ, 1 ಅಡಿ ಎತ್ತರದ ನಾಲ್ಕು ಸಿಮೆಂಟ್ ರಿಂಗ್ ಇಳಿಸಿ, ಸುತ್ತಲಿನ ಸಂದಿಗೆ 40 ಎಂಎಂ ಜಲ್ಲಿ ತುಂಬಿ, ಮೇಲೆ ಚಪ್ಪಡಿ ಮುಚ್ಚುವುದು. ಒಳಗೆ ಜಲ್ಲಿ ಬೇಡ. ತುಂಬಿದರೆ ನೀರಿಗೆ ಸಿಗುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಹೂಳು ತೆಗೆಯಲೂ ಬರುವುದಿಲ್ಲ. ಖಾಲಿ ರಿಂಗಿನಲ್ಲಿ ಸುಮಾರು 800 ಲೀಟರ್ ನಿಲ್ಲುತ್ತದೆ.

ಇದರಿಂದ ಬೆಂಗಳೂರು ಜಲಮಂಡಳಿಯ ಮಳೆನೀರು ಕೊಯ್ಲಿನ ನಿಯಮ ಪೂರೈಸಿತು ಎಂದುಕೊಳ್ಳಬೇಡಿ. ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್ ಎಂದರೆ 800 ಚದರಡಿ ತಾರಸಿಗೆ ಸುಮಾರು 4,500 ಲೀಟರ್ ಬೇಕು. 3 ಅಡಿ ಅಗಲ, 20 ಅಡಿ ಆಳದ ಮರುಪೂರಣ ಬಾವಿ (ಮಳೆನೀರನ್ನು ನೆಲದಾಳಕ್ಕೆ ಇಳಿಸುವ ಬಾವಿ) ಸುಮಾರು 4,000 ಲೀಟರ್ ಹಿಡಿಯುತ್ತದೆ, ಆದರೆ ಅದು ಮುಯ್ಯಾಳಿನ ಕೆಲಸವಲ್ಲ. ಎದೆಮಟ್ಟಕ್ಕಿಂತ ಕೆಳಗೆ ಯಾರನ್ನೂ ಇಳಿಸಬೇಡಿ. ಬದಿ ಕುಸಿದರೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಬಾವಿಗೆ ಕಸುಬು ಬಲ್ಲ ಮಣ್ಣು ವಡ್ಡರನ್ನು ಕೂಲಿ ಕೊಟ್ಟು ಕರೆಸಿ.

ನಾಲ್ಕಡಿ ಗುಂಡಿಯಿಂದ 50 ಘನ ಅಡಿ ಮಣ್ಣು ಬರುತ್ತದೆ. ಒಳಗೆ ನಿಂತು ಅಗೆಯಲು ಜಾಗವಿರುವುದು ಒಬ್ಬರಿಗೆ, ಹೆಚ್ಚೆಂದರೆ ಮೇಲೆ ಬಾಂಡ್ಲಿ ಎಳೆಯಲು ಇನ್ನೊಬ್ಬರು. ಹನ್ನೆರಡು ಜನ ಬಂದರೆ ಹತ್ತು ಜನ ಸುತ್ತ ನಿಂತು ಸಲಹೆ ಕೊಡುತ್ತಾರೆ! ಆದ್ದರಿಂದ ಗುಂಡಿಗೆ ನಾಲ್ವರನ್ನು ಮಾತ್ರ ಹಾಕಿ, ಕಾಲು ಗಂಟೆಗೊಮ್ಮೆ ಇಳಿಯುವವರನ್ನು ಬದಲಿಸಿ. ಹೀಗೆ ಗಂಟೆಗೆ 10 ಘನ ಅಡಿ ಅಗೆದರೆ ಏಳಕ್ಕೆ ಶುರುವಾದದ್ದು ಹನ್ನೆರಡಕ್ಕೆ ಮುಗಿಯುತ್ತದೆ. ಪುಸ್ತಕದಲ್ಲಿ 20 ಗಂಟೆ. ಉಳಿದವರು ಮಡಿ, ಪೈಪಿನ ಕಡೆಗೆ. ರಿಂಗ್ ಒಂದೊಂದೂ ನೂರು ಕೆ.ಜಿ. ಆಸುಪಾಸು ಇರುತ್ತದೆ, ಇಳಿಸುವಾಗ ಎಲ್ಲರನ್ನೂ ಕರೆಯಿರಿ.

ಕೆಲಸ ಕೆಡುವುದು ಬಹುತೇಕ ಹಿಂದಿನ ದಿನಗಳ ಅಸಡ್ಡೆಯಿಂದ. ಬೇಸಿಗೆಯ ಕೆಮ್ಮಣ್ಣಿಗೆ ಹಾರೆ ಇಳಿಯುವುದಿಲ್ಲ, ಎರಡು ದಿನ ಮೊದಲೇ ಗುರುತು ಹಾಕಿ ನೆನೆಸಬೇಕು. ಬಟ್ಟೆ ತೊಳೆದ ನೀರು ಸಾಕು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ನೆನಪಿರಲಿ. ಮೀಟರಿನಿಂದ ಸಂಪಿಗೆ ಬರುವ ಕಾವೇರಿ ಪೈಪು, ಕರೆಂಟ್ ಕೇಬಲ್, ಒಳಚರಂಡಿ ಚೇಂಬರಿನ ದಾರಿಯನ್ನು ಸುಣ್ಣದ ಪುಡಿಯಿಂದ ಗೆರೆ ಎಳೆದಿಡಿ. ಗುಂಡಿ ಪಾಯದಿಂದ, ಸಂಪಿನಿಂದ ಕನಿಷ್ಠ 5 ಅಡಿ ದೂರವಿರಲಿ. 30x40ರಲ್ಲಿ ಅದು ಸಾಧ್ಯವಾಗುವುದು ಸಾಮಾನ್ಯವಾಗಿ ಮುಂಭಾಗದಲ್ಲಿ ಮಾತ್ರ. ಅಗೆದ ಮಣ್ಣು ಉಬ್ಬಿ 60 ಘನ ಅಡಿ ದಾಟುತ್ತದೆ. ಮೇಲಿನ ಒಂದಡಿ ಮಣ್ಣನ್ನು ಬೇರೆ ರಾಶಿ ಮಾಡಿ ಮಡಿಗೆ ಬಳಸಿ. ಕೆಳಗಿನದು ತರಕಾರಿಗೆ ಆಗದು, ಎಲ್ಲಿ ಸುರಿಯಬೇಕೆಂದು ಮನೆಯವರು ಮೊದಲೇ ಹೇಳಿರಬೇಕು.

ಅಗೆತವನ್ನು ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಯಾರ ಮನೆ ಮೊದಲು ಎಂಬುದಕ್ಕೆ ಚೀಟಿ ಎತ್ತುವುದಕ್ಕಿಂತ, ಮಳೆ ಬಂದಾಗ ಅಂಗಳದಲ್ಲಿ ಹೆಚ್ಚು ನೀರು ನಿಲ್ಲುವ ಮನೆಯಿಂದ ಶುರುಮಾಡುವುದು ಮೇಲು. ಸೆಪ್ಟೆಂಬರ್, ಅಕ್ಟೋಬರಿನ ಜೋರು ಮಳೆಯಲ್ಲಿ ಗುಂಡಿ ತೋಡಬೇಡಿ.

ಪ್ರಶ್ನೆ: ನನಗೆ 67 ವರ್ಷ, ಮಂಡಿ ನೋವು. ಗುದ್ದಲಿ ಹಿಡಿಯಲಾಗದು. ನನ್ನ ಮುಯ್ಯಿ ಹೇಗೆ ತೀರಿಸಲಿ?
– ಓದುಗರು, ವಿದ್ಯಾರಣ್ಯಪುರ

ಉತ್ತರ: ಸಸಿ ಬೆಳೆಸಿಕೊಡಿ, ತಾಯಿ. 98 ಗುಳಿಯ ಟ್ರೇಗೆ ಸುಮಾರು 1.2 ಕೆ.ಜಿ. ಕೋಕೊಪೀಟ್ ಬೇಕು. ಟೊಮೆಟೊ ನಾಲ್ಕು ವಾರದೊಳಗೆ ನಾಟಿಗೆ ಬರುತ್ತದೆ, ಮೆಣಸಿನಕಾಯಿಗೆ ಇನ್ನೂ ಹತ್ತು ದಿನ ಹಿಡಿಯುತ್ತದೆ. ಬೆಂಡೆ, ಹುರುಳಿಕಾಯಿ, ಮೂಲಂಗಿಗೆ ಟ್ರೇ ಬೇಡ. ಅವನ್ನು ಮಡಿಯಲ್ಲೇ ಬಿತ್ತುವುದು ಸರಿ. ದಿನಾ ಐದು ನಿಮಿಷ ನೀರು ಚಿಮುಕಿಸುವುದನ್ನು ಯಾರೂ ಬರೆದಿಡಲಾರರು, ಹಾಗಾಗಿ ಒಂದು ಟ್ರೇಗೆ 4 ಗಂಟೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ನೋಟ್‌ಬುಕ್ ನಿಮ್ಮ ಕೈಯಲ್ಲೇ ಇದ್ದರೂ ಒಳ್ಳೆಯದು, ಅದಕ್ಕೂ ತಿಂಗಳಿಗೆ 2 ಗಂಟೆ ಬರೆದುಕೊಳ್ಳಿ.

ಪ್ರಶ್ನೆ: ಮಡಿಗೆ ನೆರಳಾಗುವ ಮರದ ಕೊಂಬೆಗಳನ್ನು ಗುಂಪಿನವರೇ ಕಡಿಯಬಹುದೇ?
– ಓದುಗರು, ಮಲ್ಲೇಶ್ವರ

ಉತ್ತರ: ಬೇಡ. 1976ರ ಮರ ಸಂರಕ್ಷಣಾ ಕಾಯ್ದೆ ನಿಮ್ಮ ಕಾಂಪೌಂಡಿನೊಳಗಿನ ಮರಕ್ಕೂ ಅನ್ವಯಿಸುತ್ತದೆ. ಪಾಲಿಕೆಯ ಅರಣ್ಯ ಘಟಕಕ್ಕೆ ಅರ್ಜಿ ಕೊಡಿ, ಅನುಮತಿ ಬಂದ ಮೇಲೂ ಮರ ಹತ್ತಲು ಬಲ್ಲವರನ್ನೇ ಕರೆಸಿ. ಅಷ್ಟರಲ್ಲಿ ಆ ನೆರಳಿನ ಜಾಗಕ್ಕೆ ದೊಡ್ಡಪತ್ರೆ, ಒಂದೆಲಗ, ಕೆಸು ಹಾಕಿ; ಟೊಮೆಟೊ ಮಾತ್ರ ತಾರಸಿಗೆ ಒಯ್ಯಿರಿ.