ಮಳೆಯಲ್ಲಿ ಮಾತ್ರ ಹತ್ತುವ ಏರ್‌ಬ್ಯಾಗ್ ಲೈಟ್

ಕಾರಿನ ಮುಂದಿನ ಬಂಪರ್ ಬಿಚ್ಚಿ ಹಾಕಿಸಿದ ಮೇಲೆ, ಅದೂ ಮಳೆಯಲ್ಲಿ ಮಾತ್ರ ಏರ್‌ಬ್ಯಾಗ್ ಲೈಟ್ ಹತ್ತುತ್ತಿದೆ ಅಂದರೆ ನನ್ನ ಅನುಮಾನ ಮುಂದಿನ ಕ್ರ್ಯಾಶ್ ಸೆನ್ಸರ್‌ನ (ಡಿಕ್ಕಿಯನ್ನು ಗುರುತಿಸುವ ಸೆನ್ಸರ್) ಕನೆಕ್ಟರ್ ಮೇಲೆ. ಮೊದಲು ಕಾರನ್ನು ಸ್ಕ್ಯಾನ್ ಮಾಡಿಸಿ, ಬರುವ ದೋಷದ ಕೋಡ್ ಬರೆದಿಟ್ಟುಕೊಳ್ಳಿ. ಇಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಸಾಲದು. ಆಮೇಲೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು 10 ನಿಮಿಷ ಸುಮ್ನೆ ಬಿಡಿ. ಇದನ್ನು ತಪ್ಪಿಸಬೇಡಿ.

ಈಗ ಬಂಪರ್ ಹಿಂದಿನ ಸೆನ್ಸರ್ ಪ್ಲಗ್ ಬಿಚ್ಚಿ ನೋಡಿ. ನನ್ನ ಕಾರಿನಲ್ಲಿ ಒಂದು ಪಿನ್‌ಗೆ ಹಸಿರು ಕಿಲುಬು ಹಿಡಿದಿತ್ತು, ರಬ್ಬರ್ ಸೀಲ್ ಮಡಚಿಕೊಂಡಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸೀಲ್ ಸರಿಯಾಗಿ ಕೂರಿಸಿದೆ. ಅಷ್ಟೇ. ನಿಮ್ಮದರಲ್ಲಿ ಪಿನ್ ಚೆನ್ನಾಗಿದ್ದರೆ ವೈರ್ ಒಳಗೇ ತುಂಡಾಗಿರಬಹುದು, ಇಲ್ಲಾ ಸೆನ್ಸರೇ ಹೋಗಿರಬಹುದು. ಆಗ ಏರ್‌ಬ್ಯಾಗ್ ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ನೀವೇ ಏರ್‌ಬ್ಯಾಗ್ ವೈರ್‌ಗಳ ಹಳದಿ ಕನೆಕ್ಟರ್‌ಗಳಿಗೆ ಮಲ್ಟಿಮೀಟರ್ ಹಚ್ಚಬೇಡಿ. ಕೊನೆಗೆ ಬ್ಯಾಟರಿ ಹಾಕಿ, ಕೋಡ್ ಅಳಿಸಿಸಿ.