ಶಾಲೆಗಳಲ್ಲಿ ಹಳೇ ಕಾಲದ ಶಿಸ್ತು, ಹುಡುಗ-ಹುಡುಗಿಯರಿಗೆ ಬೇರೆ ಬೇರೆ ಶಾಲೆ ಮತ್ತೆ ಬರಬೇಕೇ?

ಬೆತ್ತವಂತೂ ಬೇಡ. ಕೂಲಿಮಠಗಳ (ಹಿಂದಿನ ಕಾಲದ ಊರ ಶಾಲೆಗಳ) ಕಾಲದ ‘ಶಿಸ್ತಿ’ನಲ್ಲಿ ಕೋದಂಡ ಅಂತ ಒಂದಿತ್ತು: ಜಂತಿಗೆ ಕಟ್ಟಿದ ಹಗ್ಗ ಹಿಡಿದು ಹುಡುಗ ನೇತಾಡಬೇಕು, ಕೆಳಗಿನಿಂದ ಬೆತ್ತದ ಏಟು ಬೇರೆ. ಹೊಡೆತಕ್ಕೇ ಮಗ್ಗಿ ಬಾಯಿಗೆ ಬಂತು ಅನ್ನುವವರಿದ್ದಾರೆ. ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದವರ ಮಾತು ನಮ್ಮ ಕಿವಿಗೆ ಬಿದ್ದಿಲ್ಲ, ಅಷ್ಟೆ. ಈಗ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹೆಣ್ಣುಮಕ್ಕಳ ಶಾಲೆಯ ವಿಷಯ ಬೇರೆ. ಹುಡುಗರ ಜೊತೆ ಕಳಿಸಲ್ಲ ಅಂತ ಮಗಳ ಓದನ್ನೇ ನಿಲ್ಲಿಸುವ ಮನೆಗಳಿರುವ ಊರಲ್ಲಿ ಸರ್ಕಾರಿ ಬಾಲಕಿಯರ ಪ್ರೌಢಶಾಲೆ ಇರಲಿ. ಎಲ್ಲೆಡೆ ಕಡ್ಡಾಯ ಮಾಡಲು ನನಗೆ ಕಾರಣ ಕಾಣದು.

ಶಿಸ್ತು ಬೇಕೆನ್ನುವವರು ಮೊದಲು ಖಾಲಿ ಬಿದ್ದ ಮೇಷ್ಟ್ರ ಹುದ್ದೆ ತುಂಬಿಸಿ ಅಂತ ಕೇಳಲಿ. ಒಬ್ಬರೇ ಮೂರು ತರಗತಿ ನೋಡಿಕೊಳ್ಳುವ ಕಡೆ ಗಲಾಟೆ ಆಗದೆ ಇನ್ನೇನು?