ಅಮೆರಿಕದ ಹಳೇ ಸೋಪ್ ಒಪೆರಾ ಅಭಿಮಾನಿಗಳು ಇನ್ನೂ ರೇಟಿಂಗ್ ಲೆಕ್ಕ ಯಾಕೆ ಇಟ್ಟುಕೊಂಡಿದ್ದಾರೆ?

ನೀವು ಕೇಳಿರುವುದು ಎರಡು ವಿಷಯ. ಅಮೆರಿಕದ ಮಧ್ಯಾಹ್ನದ ಧಾರಾವಾಹಿಗಳ ಅಭಿಮಾನಿಗಳು ನಲವತ್ತು, ಐವತ್ತು ವರ್ಷದ ಹಿಂದಿನ ರೇಟಿಂಗ್‌ಗಳನ್ನು ಇನ್ನೂ ಬಾಯಿಪಾಠ ಹೇಳುವುದು ಯಾಕೆ ಅಂತ ಒಂದು. ಆ ನಂಬರ್‌ಗಳನ್ನು ನಂಬಬಹುದಾ ಅಂತ ಇನ್ನೊಂದು. ನಾನು ಟಿವಿ ಕೆಲಸದವಳಲ್ಲ. ಆದರೆ 1995ರಿಂದ ಒಹಾಯೊದ ಸಿನ್ಸಿನಾಟಿಯಲ್ಲಿದ್ದೇನೆ. ಒಂದು ವಾರದ ಮಟ್ಟಿಗೆ ಈ ನಂಬರ್ ಬರೆಯುವ ಪೆನ್ಸಿಲ್ ನನ್ನ ಕೈಯಲ್ಲೇ ಇತ್ತು. ಅದಕ್ಕೇ ಉತ್ತರ ಬರೆಯಬೇಕು ಅನಿಸಿತು.

ಮದುವೆಯಾಗಿ ಬಂದಾಗ ಜನವರಿ ತಿಂಗಳು. ಕೆಲಸ ಮಾಡುವ ವೀಸಾ ನನಗಿರಲಿಲ್ಲ. ಮನೆಗೆ ಒಂದೇ ಕಾರು, ಅದನ್ನು ಯಜಮಾನರು ಬೆಳಿಗ್ಗೆ ತೆಗೆದುಕೊಂಡು ಹೋದರೆ ಸಂಜೆ ಆರಕ್ಕೆ ವಾಪಸು. ಕಿಟಕಿಯ ಆಚೆ ಹಿಮ. ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಹೋದಾಗ ಕೆಳಗಿನ ಮನೆಯ ಅಜ್ಜಿಯ ಪರಿಚಯವಾಯಿತು. ಎಪ್ಪತ್ತು ದಾಟಿದ್ದ ಒಂಟಿ ಹೆಂಗಸು. ಹೆಸರು ಹಿಡಿದು ಕರಿ ಅಂದರು, ಅಷ್ಟು ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಕನ್ನಡದಲ್ಲೇ ಅಜ್ಜಿ ಅಂದೆ. ಅರ್ಥ ಕೇಳಿ ತಿಳಿದುಕೊಂಡು, ಹಾಗೇ ಕರಿ ಅಂದರು. ಒಂದು ದಿನ ಡ್ರೈಯರ್‌ನಲ್ಲಿ ಬಟ್ಟೆ ತಿರುಗುತ್ತಿರುವಾಗಲೇ ಗಡಿಯಾರ ನೋಡಿ, "ಹನ್ನೆರಡೂವರೆ ಆಗ್ತಾ ಬಂತು, ಬಾ" ಅಂತ ನನ್ನನ್ನು ಮೇಲೆ ಕರೆದುಕೊಂಡು ಹೋದರು.

ನನಗೆ ಸೋಪ್ ಒಪೆರಾ ಅಂದರೆ ಪೂರ್ತಿ ಹೊಸದೇನಲ್ಲ. ಬೆಂಗಳೂರಲ್ಲಿ ಕೇಬಲ್ ಬಂದ ಹೊಸದರಲ್ಲಿ ಸ್ಟಾರ್ ಪ್ಲಸ್‌ನಲ್ಲಿ 'ಸಾಂಟಾ ಬಾರ್ಬರಾ', 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್' ಬರುತ್ತಿದ್ದವಲ್ಲ, ಅವನ್ನು ಕಾಲೇಜಿನಿಂದ ಬಂದು ನೋಡಿದ್ದೆ. ಆದರೆ ಅಜ್ಜಿಯ ಮನೆಯಲ್ಲಿ ನೋಡಿದ್ದು ಬೇರೆ ಥರ. ಹನ್ನೆರಡೂವರೆಗೆ 'ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್', ಎರಡು ಗಂಟೆಗೆ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್'. ಮೊದಲನೆಯದು ಊಟದ ಜೊತೆಗೆ. ಎರಡನೆಯದಕ್ಕೆ ಮಾತ್ರ ಪಾತ್ರೆ ತೊಳೆದಿಟ್ಟು, ಕಾಫಿ ಮಾಡಿಕೊಂಡು, ಫೋನ್ ರಿಸೀವರ್ ಪಕ್ಕಕ್ಕೆ ತೆಗೆದಿಟ್ಟು ಕೂರಬೇಕು. ಅದು ಶುರುವಾಗಿದ್ದು 1956ರ ಏಪ್ರಿಲ್ 2ಕ್ಕೆ. ಅಜ್ಜಿ ಅವತ್ತಿನಿಂದ ನೋಡಿದವರು. ಅಲ್ಲಿಯವರೆಗೆ ಮಧ್ಯಾಹ್ನದ ಧಾರಾವಾಹಿ ಅಂದರೆ ಹದಿನೈದು ನಿಮಿಷ ಅಷ್ಟೇ. ಇರ್ನಾ ಫಿಲಿಪ್ಸ್ ಅನ್ನೋ ಬರಹಗಾರ್ತಿ ಅದನ್ನು ಅರ್ಧ ಗಂಟೆಗೆ ಎಳೆದರು. ಕಥೆ ಜಾಸ್ತಿ ಮಾಡಲಿಲ್ಲ, ಮಾತಿಗೆ ಪುರಸೊತ್ತು ಕೊಟ್ಟರು. ಅಡುಗೆಮನೆಯಲ್ಲಿ ಇಬ್ಬರು ಕಾಫಿ ಕುಡಿಯುತ್ತಾ ಮೂರನೆಯವರ ಮದುವೆ ಬಗ್ಗೆ ಮಾತಾಡುವುದೇ ಒಂದು ದಿನದ ಕಂತು. 1975ರವರೆಗೆ ಅದನ್ನು ಲೈವ್ ಆಗಿಯೇ ಮಾಡುತ್ತಿದ್ದರು.

ಅಜ್ಜಿಗೆ ಇನ್ನೊಂದು ಸೆಳೆತವೂ ಇತ್ತು. ಈ ಧಾರಾವಾಹಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯದು. ಆ ಕಂಪನಿಯ ಊರು ಸಿನ್ಸಿನಾಟಿ. ಸೋಪು ಮಾರಲು ಕಥೆ ಹೇಳಿಸಿದ್ದರಿಂದಲೇ ಅಲ್ವಾ ಸೋಪ್ ಒಪೆರಾ ಅನ್ನೋ ಹೆಸರು ಬಂದಿದ್ದು. ಅಜ್ಜಿಯ ಯಜಮಾನರು ಐವರಿಡೇಲ್ ಸೋಪ್ ಫ್ಯಾಕ್ಟರಿಯಲ್ಲೇ ದುಡಿದವರು. "ಅವರು ಸೋಪು ಮಾಡಿದರು, ಸೋಪು ಇದನ್ನು ಮಾಡಿತು" ಅಂತ ಟಿವಿ ತೋರಿಸಿ ಹೇಳುತ್ತಿದ್ದರು.

ನಾನು ಬಂದ ವರ್ಷವೇ ಓ.ಜೆ. ಸಿಂಪ್ಸನ್ ಅನ್ನೋ ಮಾಜಿ ಫುಟ್‌ಬಾಲ್ ತಾರೆಯ ಕೊಲೆ ಕೇಸಿನ ವಿಚಾರಣೆ. ಮಧ್ಯಾಹ್ನ ಕಥೆ ಕಾಯುತ್ತಾ ಕೂತರೆ ಕೋರ್ಟು ತೋರಿಸುತ್ತಿದ್ದರು. ಅಕ್ಟೋಬರ್‌ವರೆಗೂ ಹಾಗೇ ನಡೆಯಿತು. ಅಷ್ಟರಲ್ಲಿ ಎಷ್ಟೋ ಜನಕ್ಕೆ ಅಭ್ಯಾಸ ತಪ್ಪಿಹೋಗಿತ್ತು. ದಿನಾ ಬರುವ ಧಾರಾವಾಹಿಗೆ ಅಭ್ಯಾಸವೇ ಜೀವ, ತಪ್ಪಿದ ಮೇಲೆ ಅದನ್ನು ವಾಪಸು ಹಿಡಿಯುವುದು ಕಷ್ಟ. ರೇಟಿಂಗ್ ಇಳಿಯುತ್ತಿದೆ ಅಂತ ಪತ್ರಿಕೆಯಲ್ಲಿ ಓದಿದಾಗಲೆಲ್ಲ ಅಜ್ಜಿಯ ಮುಖ ಸಣ್ಣಗಾಗುತ್ತಿತ್ತು. ರೇಟಿಂಗ್ ಅಂದರೆ ಅವರ ಪಾಲಿಗೆ ಈ ಮನೆಮಂದಿ ಇರುತ್ತಾರೋ ಹೋಗುತ್ತಾರೋ ಅನ್ನೋ ಪ್ರಶ್ನೆ.

ಈಗ ಆ ಪೆನ್ಸಿಲ್ ವಿಷಯ. 1996ರ ನವೆಂಬರ್‌ನಲ್ಲಿ ನಮ್ಮನೆಗೆ ಟಿವಿ ರೇಟಿಂಗ್ ಲೆಕ್ಕ ಹಾಕುವ ನೀಲ್ಸನ್ ಕಂಪನಿಯಿಂದ ಒಂದು ಲಕೋಟೆ ಬಂತು. ಒಳಗೆ ಡೈರಿ ಅನ್ನುವ ಒಂದು ತೆಳು ಪುಸ್ತಕ, ಜೊತೆಗೆ ಗರಿಗರಿಯಾದ ಡಾಲರ್ ನೋಟು. ನಿಮ್ಮ ಟಿವಿಯಲ್ಲಿ ಒಂದು ವಾರ ಏನೇನು ನೋಡುತ್ತೀರಿ ಬರೆದು ಕಳಿಸಿ ಅಂತ. ಫೆಬ್ರವರಿ, ಮೇ, ಜುಲೈ, ನವೆಂಬರ್ ತಿಂಗಳಿಗೆ ಸ್ವೀಪ್ಸ್ ಅನ್ನುತ್ತಾರೆ. ಆಗ ಬರುವ ಡೈರಿಗಳ ಮೇಲೆಯೇ ಊರೂರಿನ ಸ್ಟೇಷನ್‌ಗಳು ಜಾಹೀರಾತಿನ ರೇಟು ಕಟ್ಟುತ್ತಿದ್ದವು. ಪುಟದ ತುಂಬಾ ಹದಿನೈದು ನಿಮಿಷಕ್ಕೊಂದು ಗೆರೆ. ಟಿವಿ ಆನ್ ಆಗಿತ್ತೋ ಇಲ್ಲವೋ, ಯಾವ ಚಾನೆಲ್, ಯಾವ ಕಾರ್ಯಕ್ರಮ, ಮನೆಯಲ್ಲಿ ಯಾರು ನೋಡಿದರು, ಎಲ್ಲಕ್ಕೂ ಒಂದೊಂದು ಕಾಲಂ. ಮನೆಗೆ ಬಂದವರು ನೋಡಿದರೆ ಅವರಿಗೂ ಜಾಗ ಇತ್ತು, ವಯಸ್ಸಿನ ಸಮೇತ.

ಮೊದಲ ದಿನವೇ ನನಗೊಂದು ವಿಚಾರ ಹೊಳೆಯಿತು. ನಾನು ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ಟಿವಿ ನೋಡುತ್ತಿದ್ದೆ. ಆದರೆ ಡೈರಿ ಪ್ರಕಾರ ಹನ್ನೆರಡೂವರೆಯಿಂದ ಮೂರರವರೆಗೆ ನಮ್ಮನೆ ಟಿವಿ ಆಫ್. ಯಾಕೆಂದರೆ ನಾನು ನೋಡುತ್ತಿದ್ದುದು ಕೆಳಗಿನ ಮನೆಯಲ್ಲಿ. ಅಜ್ಜಿಗೆ ಲಕೋಟೆ ಬಂದಿರಲಿಲ್ಲ. ನಲವತ್ತು ವರ್ಷ ಒಂದು ದಿನ ತಪ್ಪಿಸದೆ ನೋಡಿದವರಿಗೆ ಒಂದು ಸಲವೂ ಬಂದಿರಲಿಲ್ಲವಂತೆ. ಹೋಗಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಎದ್ದು ಸ್ವೆಟರ್ ಹಾಕಿಕೊಂಡರು. ಮೊಣಕಾಲು ನೋವಿದ್ದರೂ ಎರಡು ಮಹಡಿ ಹತ್ತಿ ನಮ್ಮನೆಗೆ ಬಂದರು. ತಮ್ಮ ದಿಂಬು ತಾವೇ ತಂದಿದ್ದರು. ವಾರವಿಡೀ ನಮ್ಮನೆಯಲ್ಲೇ ನೋಡಿದೆವು. ದಿನಾ ಮುಗಿದ ಮೇಲೆ ಅವರ ಮುಂದೆಯೇ ಬರೆದೆ: ಬಂದವರು, ಹೆಂಗಸು, 72. ಅಕ್ಷರ ಸರಿಯಾಗಿದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು.

ನಿಮ್ಮ ಎರಡನೇ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಇದೆ. ನಮ್ಮಲ್ಲಿ ಟಿಆರ್‌ಪಿ ಅಂತೀವಲ್ಲ, ಅಂಥದ್ದೇ ಇದು. ಟಿವಿ ಇರುವ ಒಟ್ಟು ಮನೆಗಳಲ್ಲಿ ನೂರಕ್ಕೆ ಎಷ್ಟು ಮನೆ ನೋಡಿದವು ಅನ್ನುವುದೇ ರೇಟಿಂಗ್. ಅಂದರೆ ಅದು ಮನೆಯ ಲೆಕ್ಕ, ನೂರರ ಲೆಕ್ಕ. ಹಳೇ ಪಟ್ಟಿ ಓದುವವರು ಇಲ್ಲೇ ಎಡವುತ್ತಾರೆ. 1963-64ರಲ್ಲಿ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್'ಗೆ 15.4 ಇತ್ತು. 1981-82ರಲ್ಲಿ ಮೊದಲ ಸ್ಥಾನದಲ್ಲಿದ್ದ 'ಜನರಲ್ ಹಾಸ್ಪಿಟಲ್'ಗೆ 11.2. ನೋಡಿದ ಕೂಡಲೇ ಮೊದಲನೆಯದೇ ದೊಡ್ಡದು ಅನಿಸುತ್ತದೆ. ಆದರೆ 1963ರ ಹೊತ್ತಿಗೆ ಅಮೆರಿಕದಲ್ಲಿ ಟಿವಿ ಇದ್ದ ಮನೆಗಳು ಸುಮಾರು 5 ಕೋಟಿ, 1981ಕ್ಕೆ 8 ಕೋಟಿ ದಾಟಿದ್ದವು. ಗುಣಿಸಿ ನೋಡಿ. ಮೊದಲನೆಯದು ಹತ್ತಿರ ಹತ್ತಿರ 80 ಲಕ್ಷ ಮನೆ, ಎರಡನೆಯದು 90 ಲಕ್ಷ ಮನೆ. ಇನ್ನು 'ಯಂಗ್ ಅಂಡ್ ದಿ ರೆಸ್ಟ್‌ಲೆಸ್' 1990ರ ದಶಕದ ಶುರುವಿನಲ್ಲಿ ಬರೀ 8ರ ಮೇಲಿದ್ದರೂ, ಆಗಿನ 9 ಕೋಟಿ ಚಿಲ್ಲರೆ ಮನೆಗಳ ಲೆಕ್ಕದಲ್ಲಿ ಅದೂ ಮುಕ್ಕಾಲು ಕೋಟಿ ಮನೆ. ಪಾಯಿಂಟ್ ಅರ್ಧಕ್ಕೆ ಬಂದಿತ್ತು, ಮನೆಗಳು ಹಾಗೇ ಇದ್ದವು. ಹಾಗಾಗಿ 'ಸುವರ್ಣಕಾಲ ಅರವತ್ತರಲ್ಲೇ ಮುಗಿಯಿತು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎಣಿಕೆಗೆ ಬಾರದವರ ಕಥೆ ಬೇರೆ. ಅಂಗಡಿ, ಆಸ್ಪತ್ರೆಯ ಕಾಯುವ ಕೋಣೆ, ಆಫೀಸಿನ ಊಟದ ಕೋಣೆ ಇವೆಲ್ಲ ಮನೆ ಅಲ್ಲ. 1980ರ ಹೊತ್ತಿಗೆ ಕಾಲೇಜು ಹಾಸ್ಟೆಲ್‌ಗಳ ಕಾಮನ್ ರೂಮಿನಲ್ಲಿ ಹುಡುಗ ಹುಡುಗಿಯರು ಕ್ಲಾಸು ಬಿಟ್ಟು 'ಜನರಲ್ ಹಾಸ್ಪಿಟಲ್' ನೋಡಲು ಕೂರುತ್ತಿದ್ದರು. ಹಾಸ್ಟೆಲ್ ಹುಡುಗರನ್ನು ನೀಲ್ಸನ್ ಲೆಕ್ಕಕ್ಕೆ ತೆಗೆದುಕೊಂಡಿದ್ದು 2007ರಲ್ಲಿ! ಆ 11.2ರಲ್ಲಿ ಅವರು ಯಾರೂ ಇಲ್ಲ.

'ಜನರಲ್ ಹಾಸ್ಪಿಟಲ್' ಮಾತು ಬಂತಲ್ಲ, ಅದರ ದೊಡ್ಡ ನಂಬರ್ ಬಗ್ಗೆಯೂ ಹೇಳಿಬಿಡುತ್ತೇನೆ. 1981ರ ನವೆಂಬರ್ 16 ಮತ್ತು 17ರಂದು ಲ್ಯೂಕ್ ಮತ್ತು ಲಾರಾ ಮದುವೆ. ಸುಮಾರು 3 ಕೋಟಿ ಜನ ನೋಡಿದರು. ಎಲಿಜಬೆತ್ ಟೇಲರ್ ಕೂಡ ಅದರಲ್ಲಿ ನಟಿಸಿದರು. ಅಮೆರಿಕದ ಮಧ್ಯಾಹ್ನದ ಧಾರಾವಾಹಿಗಳಲ್ಲಿ ಅದನ್ನು ಮೀರಿದ್ದು ಇಲ್ಲ. ಆದರೆ ಅದೇ ಲ್ಯೂಕ್ 1979ರಲ್ಲಿ ಲಾರಾ ಮೇಲೆ ಅತ್ಯಾಚಾರ ಮಾಡಿದ್ದ. ಆಮೇಲೆ ಕಥೆ ಅದನ್ನು ಪ್ರೇಮ ಅಂತ ತಿರುಗಿಸಿತು. ಆ ಕಾಲದಲ್ಲಿ ಹುಡುಗಿಯಾಗಿದ್ದ ನನ್ನ ಗೆಳತಿಯೊಬ್ಬಳು ಈಗಲೂ ಹೇಳುತ್ತಾಳೆ, "ಮದುವೆ ನೋಡಿ ಅತ್ತಿದ್ದೆ, ದೊಡ್ಡವಳಾದ ಮೇಲೆ ಯಾಕೆ ಅತ್ತೆ ಅಂತ ಬೇಜಾರಾಯಿತು" ಅಂತ. 1998ರಲ್ಲಿ ಅವರ ಮಗನಿಗೆ ವಿಷಯ ಗೊತ್ತಾಗುವ ಕಂತುಗಳಲ್ಲಿ ಧಾರಾವಾಹಿಯೇ ಆ ಮಾತನ್ನು ನೇರವಾಗಿ ಎತ್ತಿಕೊಂಡಿತು. ನನ್ನ ಮಟ್ಟಿಗೆ ಮದುವೆಗಿಂತ ಅದೇ ದೊಡ್ಡ ಕೆಲಸ. ರೇಟಿಂಗ್ ಪಟ್ಟಿಯಲ್ಲಿ ಮಾತ್ರ ಮದುವೆಯೇ ಮೇಲಿರುತ್ತದೆ.

ಇಷ್ಟೆಲ್ಲ ಕೊರತೆ ಇದ್ದ ಮೇಲೂ ಅಭಿಮಾನಿಗಳು ಆ ನಂಬರ್ ಯಾಕೆ ಬಿಡುವುದಿಲ್ಲ? ನನಗೆ ತಿಳಿದ ಮಟ್ಟಿಗೆ ಕಾರಣ ಇಷ್ಟು. ಅವರು ನೋಡಿದ ಕಂತುಗಳು ಈಗ ಇಲ್ಲ. ಐವತ್ತು, ಅರವತ್ತರ ದಶಕದಲ್ಲಿ ಲೈವ್ ಹೋದ ಬಹುಪಾಲು ಉಳಿಯಲೇ ಇಲ್ಲ. ಟೇಪ್ ಬಂದ ಮೇಲೂ ಅದು ದುಬಾರಿ, ಇಡಲು ಜಾಗ ಬೇಕು. ಒಂದು ಸಲ ಪ್ರಸಾರವಾದ ಕಂತನ್ನು ಯಾರು ಮತ್ತೆ ನೋಡುತ್ತಾರೆ ಅಂತ ಅಳಿಸಿ, ಅದೇ ಟೇಪಿನ ಮೇಲೆ ಬೇರೆ ಏನೋ ತುಂಬಿದರು. ಎಪ್ಪತ್ತರ ದಶಕದಲ್ಲೂ ಇದು ನಡೆದಿದೆ. ಸಿನಿಮಾ ಅಭಿಮಾನಿಗೆ ಸಿನಿಮಾ ಇದೆ, ಹಾಡಿನ ಅಭಿಮಾನಿಗೆ ರೆಕಾರ್ಡ್ ಇದೆ. ಇವರ ಹತ್ತಿರ ನೆನಪು ಇದೆ, ಆ ನಂಬರ್ ಇದೆ. 15.4 ಅಂದಾಗ ಅವರು ಹೇಳುತ್ತಿರುವುದು ಇದು: ಅವತ್ತು ನಾನೊಬ್ಬಳೇ ನೋಡಿದ್ದಲ್ಲ, ಬೀದಿ ಬೀದಿಯಲ್ಲೂ ಇದೇ ದನಿ ಕೇಳುತ್ತಿತ್ತು. ತೋರಿಸಲು ಟೇಪ್ ಇಲ್ಲದವರಿಗೆ ಅದೇ ಸಾಕ್ಷಿ. ಇದನ್ನು ಹುಚ್ಚು ಅಂತ ಯಾರಾದರೂ ಅಂದರೆ ನನಗೆ ನೋವಾಗುತ್ತದೆ.

ಅಜ್ಜಿ ಆಮೇಲೆ ಫ್ಲಾರಿಡಾಕ್ಕೆ ಮಗಳ ಮನೆಗೆ ಹೋದರು. 2009ರ ಸೆಪ್ಟೆಂಬರ್‌ನಲ್ಲಿ 'ಗೈಡಿಂಗ್ ಲೈಟ್' ನಿಂತಿತು. 1937ರಲ್ಲಿ ರೇಡಿಯೊದಲ್ಲಿ ಶುರುವಾಗಿ 72 ವರ್ಷ ನಡೆದ ಕಥೆ ಅದು. ಮುಂದಿನ ವರ್ಷ ಸೆಪ್ಟೆಂಬರ್ 17ಕ್ಕೆ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್' ಕೂಡ ಮುಗಿಯಿತು. 1956ರ ಮೊದಲ ಕಂತಿನಲ್ಲಿ ನ್ಯಾನ್ಸಿ ಆಗಿದ್ದ ಹೆಲೆನ್ ವ್ಯಾಗ್ನರ್ ಬೆಳಗಿನ ಶುಭಾಶಯ ಹೇಳಿ ಕಥೆ ಶುರು ಮಾಡಿದ್ದರು. ಕೊನೆಯ ಕಂತಿನಲ್ಲಿ ಅವಳ ಮಗ ಡಾಕ್ಟರ್ ಬಾಬ್ 'ಗುಡ್ ನೈಟ್' ಅಂತ ಹೇಳಿ ಆಸ್ಪತ್ರೆಯ ತನ್ನ ಕೋಣೆಯಿಂದ ಹೊರಟ. ವ್ಯಾಗ್ನರ್ ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಸಂಜೆ ಅಜ್ಜಿಗೆ ಫೋನ್ ಮಾಡಿದೆ. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆಮೇಲೆ ಅವರು ಕೇಳಿದ್ದು, "ನಿನಗೆ ಮತ್ತೆ ಆ ಡೈರಿ ಬಂದಿತ್ತಾ?" ಅಂತ.

ನೀವು ಒಂದು ತುಣುಕಾದರೂ ನೋಡಬೇಕು ಅಂದರೆ 1963ರ ನವೆಂಬರ್ 22ರ ಕಂತಿನಿಂದ ಶುರು ಮಾಡಿ. ಅದರ ಮೊದಲ ಹತ್ತು ನಿಮಿಷ ಉಳಿದುಕೊಂಡಿದೆ, ಹುಡುಕಿದರೆ ಸಿಗುತ್ತದೆ. ನ್ಯಾನ್ಸಿ ತನ್ನ ಮಾವನ ಜೊತೆ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಯಾರನ್ನು ಕರೆದಿದ್ದಾರೆ ಅಂತ ಮಾತಾಡುತ್ತಿರುತ್ತಾಳೆ. ಎಂಥ ನಿಧಾನ, ಎಂಥ ಸಲೀಸು ಅಂತ ನೋಡಿ. ಅಷ್ಟರಲ್ಲಿ ಪರದೆ ಮೇಲೆ ಸುದ್ದಿಯ ಫಲಕ ಬಂದು, ಸುದ್ದಿ ಓದುವ ವಾಲ್ಟರ್ ಕ್ರಾಂಕೈಟ್ ದನಿ ಮಾತ್ರ ಕೇಳುತ್ತದೆ: ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಮೇಲೆ ಗುಂಡು ಹಾರಿದೆ. ಕ್ಯಾಮೆರಾ ಬಿಸಿಯಾಗಲು ಹೊತ್ತು ಬೇಕಿತ್ತು, ಅದಕ್ಕೇ ಮುಖ ಕಾಣುವುದಿಲ್ಲ. ಸ್ಟುಡಿಯೊದಲ್ಲಿದ್ದ ನಟರಿಗೆ ಏನೂ ಗೊತ್ತಿಲ್ಲ, ಅವರು ನಟಿಸುತ್ತಲೇ ಇದ್ದರು. ಅಜ್ಜಿ ಆಗ ಇಸ್ತ್ರಿ ಮಾಡುತ್ತಿದ್ದರಂತೆ. ಯಜಮಾನರ ಫ್ಯಾಕ್ಟರಿ ಅಂಗಿಯ ತೋಳು ಸುಟ್ಟಿತು, ವಾಸನೆ ಬಂದ ಮೇಲೇ ಗೊತ್ತಾಗಿದ್ದು ಅಂತ ಹೇಳಿದ್ದರು.